ಎರಡು ಆಂಪ್ಲಿ, ಒಂದು ವೈರು

ಸೌಂಡಿನ ಬಗ್ಗೆ ನನಗ ಗೊತ್ತಿಲ್ಲದ್ದು ಅಂತ ಏನೂ ಇರಲಿಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ. ಎಂಟನೇತ್ತೆ ಫೇಲಾಗೀನಿ, ಖರೇ. ಆದ್ರ ಪುಣೆ ಹತ್ರ ಚಿಂಚವಾಡದಾಗ ಎಂಟು ವರ್ಷ ಗಾಡಿ ಓಡಿಸೀನಿ, ಓಡಿಸಿದಷ್ಟೂ ಹೊತ್ತು ಹಾಡು ಕೇಳೀನಿ. ಕಿವಿ ಎರಡೂ ನೆಟ್ಟಗ ಅದಾವು. ಮತ್ತೇನ್ ಬೇಕು? ಹಾಡು ಕೇಳಾಕ ಕಾಲೇಜಿಗೆ ಹೋಗಬೇಕೇನು?

ನಮ್ಮ ಓಣಿ ಮಂದಿ ಈ ಕಥಿ ಹೇಳಬೇಕಾದ್ರ, "ಬಸ್ಯಾ ಬೀಗರ ಕೈಲೆ ಗಾಡಿ ದಬ್ಬಿಸಿದ, ಆಮ್ಯಾಲ ಅವರನ್ನ ರಸ್ತ್ಯಾಗ ಬಿಟ್ಟು ಓಡಿಹೋದ" ಅಂತಾರ. ಸುಳ್ಳು! ನಾ ಓಡಿಹೋಗಲಿಲ್ಲ. ಗಾಡಿ ಓಡಿತು, ನಾ ಅದರೊಳಗ ಇದ್ದೆ. ಇದಕ್ಕೂ ಅದಕ್ಕೂ ಭಾಳ ಫರಕ್ ಐತಿ. ಆ ಫರಕ್ ತಿಳೀಲಿ ಅಂತ ಎಲ್ಲಾ ಹೇಳಾಕತ್ತೀನಿ.

ಆಗ ನನ್ನ ಹತ್ರ ಒಂದು ಸೆಕೆಂಡ್ ಹ್ಯಾಂಡ್ ವ್ಯಾನ್ ಇತ್ತು. ವಾರಪೂರ್ತಿ ಸಣ್ಣ ಸಣ್ಣ ವರ್ಕ್‌ಶಾಪಿನ ಮಾಲು ತಗೊಂಡು ಪಿಂಪ್ರಿ ಕಡಿ ದೊಡ್ಡ ಫ್ಯಾಕ್ಟರಿಗಳಿಗೆ ಮುಟ್ಟಸ್ತಿದ್ದೆ. ಐತವಾರ ನಮ್ಮ ಕಡಿ ಮಂದೀನ್ನ ಲಗ್ನ, ಕುಬಸ, ಪಂಢರಪುರ ಅಂತ ಕರ್ಕೊಂಡು ಹೋಗ್ತಿದ್ದೆ. ಮನ್ಯಾಗ ಅವ್ವ, ಕಾಕಾ, ನಾನು. ಅಪ್ಪ ಲಗೂನ ಹೋಗಿಬಿಟ್ಟ, ಹಿಂಗಾಗಿ ಅಪ್ಪನ ತಮ್ಮ ಶಿವಪ್ಪ ಕಾಕಾನ ಮನಿಗೆ ಹಿರ್ಯಾ.

ನನಗ ಬೈಲಹೊಂಗಲದ ಕಡಿ ಒಂದು ಹೆಣ್ಣು ನೋಡಿದ್ರು. ಹುಡುಗಿ ಹೆಸರು ಗಿರಿಜಾ. ಆಕಿ ಅಪ್ಪ ಮಹಾಂತಪ್ಪಂದು ಮೈಕ್‌ಸೆಟ್ಟಿನ ವ್ಯವಹಾರ. ಸುತ್ತ ಹಳ್ಳ್ಯಾಗ ಲಗ್ನ ಇರಲಿ, ಜಾತ್ರಿ ಇರಲಿ, ಇಲೆಕ್ಷನ್ ಇರಲಿ, ಗಿಡಕ್ಕ ಭೋಂಗಾ ಕಟ್ಟಿ ಹಾಡು ಹಚ್ಚಾಂವ ಅಂವನ. ಮೂವತ್ತು ವರ್ಷದಿಂದ!

ನಾ ಹೆಣ್ಣು ನೋಡಾಕ ಹೋದಾಗ ಗಿರಿಜಾ ಉಪ್ಪಿಟ್ಟು ತಂದಿಟ್ಲು. ಹಿರ್ಯಾರು, "ಏನರ ಕೇಳೂದಿದ್ರ ಕೇಳಪಾ" ಅಂದ್ರು. ನಾ ಧೈರ್ಯ ಮಾಡಿ ಕೇಳಿದೆ:

"ನಿಮಗ ಹಾಡು ಕೇಳೂದು ಅಂದ್ರ ಹೆಂಗ?"

ಆಕಿ ನೆಲ ನೋಡಿಕೋತ ಅಂದ್ಲು: "ನಮ್ಮನ್ಯಾಗ ಹುಟ್ಟಿದಾಗಿಂದ ಹಾಡು ಬಿಟ್ರ ಬ್ಯಾರೆ ಏನೂ ಕೇಳೇ ಇಲ್ರಿ."

ಅಷ್ಟ! ನನಗ ಇನ್ನೇನೂ ಬೇಕಾಗಿರಲಿಲ್ಲ. ಸೌಂಡಿನ ಮನಿತನ, ಸೌಂಡಿನ ಹುಡುಗಿ, ಸೌಂಡ್ ತಿಳದ ಅಳಿಯಾ. ದೇವರು ಕುಂತು ಅಳತಿ ತಗೊಂಡು ಹೊಲದಂಗ ಇತ್ತು ಜೋಡಿ.

ನಾವು ಹೆಣ್ಣು ಒಪ್ಪಿದ್ವಿ. ಇನ್ನ ಅವರು ನಮ್ಮ ಮನಿ ನೋಡಾಕ ಬರಬೇಕಿತ್ತು. ನಮ್ಮ ಕಡಿ ಇದಕ್ಕ ಒಂದು ಪದ್ಧತಿ ಐತಿ. ಮನಿ ನೋಡಾಕ ಬಂದವರಿಗೆ ಮನಸ್ಸಿಗೆ ಬಂತಂದ್ರ ಕುಂತು ಹೋಳಿಗಿ ಊಟ ಮಾಡ್ತಾರ. ಬರಲಿಲ್ಲಂದ್ರ ಬಾಯಿಬಿಟ್ಟು ಏನೂ ಅನ್ನಂಗಿಲ್ಲ, "ಚಾ ಸಾಕ್ರಿ, ಗಾಡಿಗೆ ಹೊತ್ತಾಗತೈತಿ" ಅಂತಾರ. ಚಾ ಕುಡದು ಎದ್ರಂದ್ರ ತಿಳ್ಕೊಬೇಕು, ಲಗ್ನ ಮುರೀತು. ಇದಕ್ಕಿಂತ ಮೊದಲ ಇಬ್ಬರು ನಮ್ಮ ಮನ್ಯಾಗ ಚಾ ಕುಡದು ಹೋಗಿದ್ರು. ಒಬ್ಬರಿಗೆ ಮನಿ ಸಣ್ಣದಾತು. ಇನ್ನೊಬ್ಬರಿಗೆ ನನ್ನ ಎಂಟನೇತ್ತೆ ಕಡಿಮಿ ಆತು. ಎರಡೂ ಸರ್ತೆ ಅವ್ವ ಮಾಡಿದ ಹೋಳಿಗಿ ಮೂರು ದಿನ ನಾನ ತಿಂದೆ. ತಂಗಳ ಹೋಳಿಗಿ ತಿನ್ನೋ ದುಃಖ ತಿಂದವರಿಗೇ ಗೊತ್ತು.

ಈ ಸರ್ತೆ ಹಂಗ ಆಗಬಾರದು. ನಾ ಲೆಕ್ಕಾ ಹಾಕಿದೆ. ಮನಿ ದೊಡ್ಡದು ಮಾಡಾಕ ಆಗಂಗಿಲ್ಲ. ಎಂಟನೇತ್ತೆ ಪಾಸ್ ಮಾಡಾಕಂತೂ ಆಗಂಗೇ ಇಲ್ಲ. ಆದ್ರ ಪುಣೆ ಸ್ಟೇಶನ್ನಿನಿಂದ ಚಿಂಚವಾಡದ ತನಕಾ ಅವರು ನನ್ನ ವ್ಯಾನಿನ್ಯಾಗ ಕುಂತು ಬರ್ತಾರ. ಅದರಾಗ ಒಂದು ಛಂದ ಸೌಂಡ್ ಹಾಕಿಸಿದೆ ಅಂದ್ರ, ಮೈಕ್‌ಸೆಟ್ಟಿನ ಮನಶಾ, ಮನಿ ಮುಟ್ಟೂದ್ರೊಳಗ ಅರ್ಧಾ ಒಪ್ಪಿರ್ತಾನ!

ವ್ಯಾನಿನ್ಯಾಗ ಕ್ಯಾಸೆಟ್ ಟೇಪ್ ಇತ್ತು, ಸ್ಪೀಕರ್ ಇದ್ವು. ಇಲ್ಲದ್ದು ಆಂಪ್ಲಿಫಾಯರ್ ಒಂದ. ನಾವು ಆಂಪ್ಲಿ ಅಂತೀವಿ. ಟೇಪಿನ ಸಣ್ಣ ದನಿ ತಗೊಂಡು ದೊಡ್ಡದು ಮಾಡೋ ಡಬ್ಬಿ. ಒಂದು ಡಬ್ಬಿ ತಗೊಳ್ಳೂದು, ಹಚ್ಚೂದು. ಅರ್ಧಾ ದಿನದ ಕೆಲಸ. ನಾ ತಪ್ಪು ಮಾಡಿದ್ದು ಒಂದ: ಈ ಮಾತು ಮನ್ಯಾಗ ಬಾಯಿಬಿಟ್ಟು ಹೇಳಿದೆ.

ಶಿವಪ್ಪ ಕಾಕಾ ಖಡಕಿ ಮದ್ದುಗುಂಡಿನ ಫ್ಯಾಕ್ಟರ್ಯಾಗ ಕೆಲಸ ಮಾಡಿ ರಿಟೈರ್ ಆದಾಂವ. ಎಡಗಿವಿ ಅಲ್ಲೇ ಸರ್ವಿಸಿನ್ಯಾಗ ಹೋತು. ಬಲಗಿವಿ ಪೆನ್ಶನ್ ಬರಾಕ ಹತ್ತಿದ ಮ್ಯಾಲ ಹೋತು. ಹಿಂಗಿದ್ರೂ ಸೌಂಡಿನ ಬಗ್ಗೆ ಅಂವಂದು ಕೊನೀ ಮಾತು!

"ಬಸ್ಯಾ, ಹೊಸಾ ಮಾಲು ಮುಟ್ಟಬ್ಯಾಡ" ಅಂದ. "ಈಗಿನದೆಲ್ಲಾ ತಗಡು. ಆಂಪ್ಲಿ ಅಂದ್ರ ಎತ್ತಿದ್ರ ಸೊಂಟ ಹಿಡೀಬೇಕು."

"ಕಾಕಾ, ನಾ ಅದನ್ನ ಎತ್ತಾಕ ತಗೊಳ್ಳಾಕತ್ತಿಲ್ಲ, ಕೇಳಾಕ."

"ಏನಂದಿ?"

"ಕೇಳಾಕ!"

"ಹಾಂ, ಅದನ್ನ ಹೇಳಾಕತ್ತೀನಿ. ವಜ್ಜಿ ಇರಬೇಕು."

ಮುಂದಿನ ಐತವಾರ ಕಾಕಾ ಒಬ್ಬನ ಜುನಾ ಬಾಜಾರಕ್ಕ ಹೋದ. ಪುಣೇದಾಗ ಹಳೇ ಸಾಮಾನಿನ ಸಂತಿ ಅದು. ಮೊಳಿಯಿಂದ ಹಿಡದು ಬಂದೂಕಿನ ಹಿಡಿಕಿ ತನಕಾ ಎಲ್ಲಾ ಸಿಗತೈತಿ. ಮಧ್ಯಾಹ್ನ ಬಂದಾಗ ಅಂವನ ಹಳೇ ಖಾಕಿ ಅಂಗ್ಯಾಗ ಏನೋ ಸುತ್ತಿಕೊಂಡು ಎದಿಗೆ ಅವಚಿ ಹಿಡದಿದ್ದ, ಬಾಣಂತಿ ಕೂಸು ಹಿಡದಂಗ. ಬಿಚ್ಚಿ ತೋರಿಸಿದ. ಕರೇ ಕಬ್ಬಿಣದಂಥ ಡಬ್ಬಿ, ಮೈತುಂಬ ಸಾಲು ಸಾಲು ರೆಕ್ಕಿ, ಮೂಲ್ಯಾಗ ತುಕ್ಕು. ಯಾವುದೋ ಫಾರಿನ್ ಕಾರು ಗುಜರಿಗೆ ಬಂದಾಗ ಅದರಾಗಿಂದ ಕಿತ್ತಿದ್ದಂತ.

"ನಮ್ಮಣ್ಣ ಇದ್ದಿದ್ರ ಇದನ್ನ ಹಾಕಸ್ತಿದ್ದ" ಅಂದ ಕಾಕಾ. ಕಣ್ಣಾಗ ನೀರು ತಂದ.

ನಮ್ಮಪ್ಪ ಜೀವನದಾಗ ಕಾರು ಹತ್ತಿದಾಂವ ಅಲ್ಲ! ಆದ್ರ ಸತ್ತ ಅಪ್ಪನ ಹೆಸರು ತಗದ ಮ್ಯಾಲ ಯಾರು ಏನ್ ಮಾತಾಡ್ತಾರ್ರಿ?

ಡಬ್ಬಿ ಎತ್ತಿಕೊಂಡು ಬಂಡೂನ ಅಂಗಡಿಗೆ ಹೋದೆ. ಬಂಡು ನನ್ನ ವಾರಿಗಿ ಗೆಳ್ಯಾ. ಮರಾಠಿ ಮನಿಯಾಂವ, ನಮ್ಮ ಓಣ್ಯಾಗ ಬೆಳದಾಂವ, ನಮ್ಮವ್ವನ ರೊಟ್ಟಿ ತಿಂದು ತಿಂದು ಕನ್ನಡ ಕಲತಾಂವ. ಸಿಟ್ಟು ಬಂದಾಗ ಮಾತ್ರ ಮರಾಠಿ ಮಾತಾಡ್ತಾನ. ಗಾಡಿಗೆ ಸೀಟ್ ಕವರ್, ಟೇಪ್, ಸ್ಪೀಕರ್ ಹಚ್ಚಿಕೊಡೂದು ಅಂವನ ಧಂದಾ.

ಡಬ್ಬಿ ನೋಡಿದ ಕೂಡಲೇ ಮರಾಠಿಗೆ ಹೋದ. "ಅರೇ ಬಸ್ಯಾ! ಹೇ ಕಾಯ? ಇಸ್ತ್ರಿ ಪೆಟ್ಟಿಗಿ ತಂದೀಯೇನು?"

"ಕಾಕಾ ತಂದಾನ."

"ಕಾಕಾಗ ಕಿವಿ ಕೇಳಂಗಿಲ್ಲ. ನಿನಗ ಕಣ್ಣೂ ಕಾಣಂಗಿಲ್ಲೇನು? ಬಾ ಇಲ್ಲೆ."

ಅಂವ ಒಂದು ಹೊಸಾ ಆಂಪ್ಲಿ ತಗದು ತೋರಿಸಿದ. ತೆಳ್ಳಗ, ಬೆಳ್ಳಗ, ಮ್ಯಾಲ ಕನ್ನಡಿ, ಕನ್ನಡಿಯೊಳಗ ನೀಲಿ ಲೈಟು. ಮುಖದ ಮ್ಯಾಲ ದೊಡ್ಡಕ್ಷರದಾಗ ಸಾವಿರ ವ್ಯಾಟ್ ಅಂತ ಬರದಿತ್ತು. ಎತ್ತಿ ನೋಡಿದೆ. ರೊಟ್ಟಿ ಡಬ್ಬಿ ಇದಕ್ಕಿಂತ ವಜ್ಜಿ ಇರತೈತಿ.

"ಇಷ್ಟ ಹಗುರ ಐತಿ, ಸಾವಿರ ವ್ಯಾಟ್ ಎಲ್ಲಿ ಕುಂತಿರ್ತಾವ?"

"ಮೊಬೈಲ್ ನೋಡು. ಮೊದಲ ಇಟ್ಟಂಗಿ ಇದ್ದಂಗ ಇತ್ತು, ಈಗ ಅಂಗೈಯಾಗ ಬಂತು. ಜಗತ್ತು ಹಗುರ ಆಗಾಕತ್ತೈತಿ, ನೀನೊಬ್ಬ ವಜ್ಜಿ."

"ವಿಚಾರ ಮಾಡಿ ಹೇಳ್ತೀನಿ" ಅಂದೆ.

"ವಿಚಾರ ಎಂಥಾದು? ನೀ ಚಾ ಕುಡ್ಯಾಕ ಹೋದಾಗ ನಾ ವ್ಯಾನಿನ ಹಿಂದಿನ ತಗಡಿನ ಪತ್ರಾಕ್ಕ ತೂತು ಕೊರದಾಗೇತಿ. ಬರೋಬ್ಬರಿ ಇದರ ಅಳತಿದು!"

ನೋಡ್ರಿ ಮಂದಿ ಹೆಂಗಿರ್ತಾರ! ಒಬ್ಬಾಂವ ಕೇಳದ ತಂದಾನ. ಇನ್ನೊಬ್ಬಾಂವ ಕೇಳದ ಕೊರದಾನ. ಗಾಡಿ ನಂದು, ಲಗ್ನ ನಂದು, ಕಿವಿ ನಂದು. ನನ್ನ ಮಾತ್ರ ಯಾರೂ ಕೇಳಾಂವಿಲ್ಲ!

ಅವತ್ತ ಸಂಜಿಮುಂದ ನಮ್ಮ ಅಂಗಳದಾಗ ಎರಡರದ್ದೂ ಪರೀಕ್ಷಾ ಆತು. ವಚನದ ಕ್ಯಾಸೆಟ್ ಹಾಕಿದ್ವಿ. ಬೀಗರು ಲಿಂಗವಂತರು, ಹಿರ್ಯಾರು, ಹಿಂಗಾಗಿ ವಚನಾನ ಹಚ್ಚೂದು ಅಂತ ಅವ್ವ ಮೊದಲ ಹೇಳಿಬಿಟ್ಟಿದ್ಲು.

ಮೊದಲ ಹಳೇದು. ಸ್ವಿಚ್ ಹಾಕಿದ್ವಿ. ಸುಮ್ನ ಇತ್ತು. "ತಡೀರೋ, ಹಿರ್ಯಾರು ಎದ್ದು ಕುಂದ್ರಾಕ ಹೊತ್ತು ಹಿಡಿತೈತಿ" ಅಂದ ಕಾಕಾ. ಎಷ್ಟೊತ್ತಾದ್ರೂ ಏಳಲಿಲ್ಲ. ಕಾಕಾ ಒಂದು ಗುದ್ದು ಹಾಕಿದ. ಹಾಡಿತು! ಸುಳ್ಳು ಹೇಳಬಾರದು, ದನಿ ಮಾತ್ರ ಬೆಲ್ಲದಂಗ ಇತ್ತು. ಹಾಡೋ ಹೆಣ್ಮಗಳು ಉಸಿರು ತಗೊಳ್ಳೂದೂ ಕೇಳತಿತ್ತು. ಆದ್ರ ಅರ್ಧಾ ತಾಸಿನ್ಯಾಗ ಡಬ್ಬಿ ಕಾದ ಹಂಚಾತು. ಅವ್ವ ಬಂದು ಮುಟ್ಟಿ ನೋಡಿ, ಒಳಗ ಹೋಗಿ, ಮೆತ್ತಗಾದ ನಾಕು ಹಪ್ಪಳ ತಂದು ಅದರ ಮ್ಯಾಲ ಇಟ್ಲು.

"ಅತ್ತಿಗಿ! ಅದು ಆಂಪ್ಲಿ!"

"ಇರಲೇಳ್ರಿ, ಸುಮ್ನ ಬಿಸಿ ಯಾಕ ದಂಡ ಮಾಡಬೇಕು?"

ಆಮ್ಯಾಲ ಹೊಸಾದು. ಸ್ವಿಚ್ ಹಾಕಿದ ಕೂಡಲೇ ನೀಲಿ ಲೈಟು ಹತ್ತಿ, "ಧಡ್!" ಅಂತು. ಬಾಜೂ ಮನಿ ಮಾಡದಾಗಿನ ತಾಟು ಗಂಗಾಳ ಎಲ್ಲಾ ಉರುಳಿ ಬಿದ್ವು. ತಬಲಾ ನಮ್ಮ ಹೊಟ್ಟಿಯೊಳಗ ಬಾರಸ್ತಿದ್ರು. ಹಾಡೋ ಹೆಣ್ಮಗಳು ಮಾತ್ರ ಎಲ್ಲೋ ಬಾವ್ಯಾಗ ಬಿದ್ದು ಒದರಿದಂಗ ಕೇಳತಿತ್ತು.

"ನೋಡಿದ್ಯಾ? ಎದಿ ನಡುಗಿತಲ್ಲ?" ಅಂದ ಬಂಡು.

"ವಚನ ಕೇಳಿ ಎದಿ ಯಾಕ ನಡುಗಬೇಕೋ?" ಅಂದ ಕಾಕಾ. ಅಂವಗ ಹಾಡು ಕೇಳಿರಲಿಲ್ಲ, ಪಾತ್ರಿ ಬಿದ್ದಿದ್ದು ಕಂಡಿತ್ತು.

ಇಬ್ಬರಿಗೂ ಜಗಳ ಹತ್ತಿತು. ಕಾಕಾ ಕನ್ನಡದಾಗ ಬೈದ, ಬಂಡು ಮರಾಠ್ಯಾಗ ಬೈದ. ಕೊನಿಗೆ ಕಾಕಾ, "ನನ್ನ ಆಂಪ್ಲಿ ಹಾಕಲಿಲ್ಲಂದ್ರ ಈ ಮನ್ಯಾಗ ನಾ ಉಣ್ಣಂಗಿಲ್ಲ" ಅಂದ. ಬಂಡು, "ಮಾಝಾ ಆಂಪ್ಲಿ ನಾಹೀ, ತರ ಮೀ ಲಗ್ನಾಲಾ ನಾಹೀ" ಅಂದ. ತನ್ನ ಆಂಪ್ಲಿ ಹಾಕಲಿಲ್ಲಂದ್ರ ಲಗ್ನಕ್ಕ ಬರಂಗಿಲ್ಲ! ಲಗ್ನಕ್ಕ ಇನ್ನೂ ಹೆಣ್ಣಿನವರ ಹೂಂ ಬಂದಿಲ್ಲ, ಇಂವ ಬರಂಗಿಲ್ಲಂತ ಅಲ್ಲೇ ಸಿಟ್ಟುಸೆಡವು!

ಕಾಕಾ ಖರೇನ ಎರಡು ದಿನ ಉಣ್ಣಲಿಲ್ಲ. ಅಂದ್ರ ಮನ್ಯಾಗ ಉಣ್ಣಲಿಲ್ಲ. ಓಣಿ ಮೂಲ್ಯಾಗಿನ ವಡಾಪಾವ್ ಗಾಡಿಯಾಂವ ನನಗ ಎಲ್ಲಾ ಹೇಳ್ತಿದ್ದ.

ಮೂರನೇ ದಿನ ನನ್ನ ತಲಿ ಕೆಟ್ಟಿತು. ಬರೇ ಒಂದು ಡಬ್ಬಿ! ಅದರ ಸಲುವಾಗಿ ಹಿರ್ಯಾನ್ನ ಕಳ್ಕೊಬೇಕೋ, ಗೆಳ್ಯಾನ್ನ ಕಳ್ಕೊಬೇಕೋ? ನಾ ಉಭಯ ಪಕ್ಷದ ಮಾತು ಕೇಳಿ ತೀರ್ಪು ಕೊಟ್ಟೆ: ಎರಡೂ ಹಾಕೂದು! ಹಳೇದು ಹಿಂದಿನ ಸ್ಪೀಕರಿಗೆ, ಹೊಸಾದು ಮುಂದಿನ ಸ್ಪೀಕರಿಗೆ. ಹಿಂದ ಬೆಲ್ಲ, ಮುಂದ ಧಡ್ ಧಡ್. ಇಬ್ಬರೂ ಬಾಯಿ ಮುಚ್ಚಬೇಕು.

"ಒಂದು ಗಾಡ್ಯಾಗ ಎರಡು ಬ್ಯಾರೆ ಬ್ಯಾರೆ ಜಾತಿ ಆಂಪ್ಲಿ?" ಅಂದ ಬಂಡು. "ನಾ ಮುಟ್ಟಂಗಿಲ್ಲ."

"ಅಂವ ಮುಟ್ಟಿದ್ದನ್ನ ನಾ ಮುಟ್ಟಂಗಿಲ್ಲ" ಅಂದ ಕಾಕಾ.

"ಯಾರೂ ಮುಟ್ಟಬ್ಯಾಡ್ರಿ! ನಾನ ಹಚ್ಚತೀನಿ!"

ಹಚ್ಚಿದೆ. ಇಲ್ಲಿ ಮಂದಿ ನಗ್ತಾರ, ಆದ್ರ ನೀವ ಹೇಳ್ರಿ, ಏನ್ ತಪ್ಪು ಮಾಡಿದೆ? ಬ್ಯಾಟರಿಯಿಂದ ಆಂಪ್ಲಿ ತನಕಾ ವೈರು ಬೇಕು. ಗಣಪತಿ ಮಂಡಳದ ಲೈಟಿನ ಸರ ಒಂದು ನಮ್ಮ ಅಟ್ಟದ ಮ್ಯಾಲ ಬಿದ್ದಿತ್ತು. ಬಲ್ಬ್ ಕಿತ್ತಿ ಒಗದು ವೈರು ತಗೊಂಡೆ. ಕೆಂಪು ಹಸರು, ಭಾಳ ಛಂದ ವೈರು. ಸ್ವಲ್ಪ ತೆಳ್ಳಗಿತ್ತು, ಅಷ್ಟ. ಅದ ಒಂದ ವೈರಿಗೆ ಎರಡೂ ಆಂಪ್ಲಿ ಜೋತು ಹಾಕಿದೆ. ಸ್ವಿಚ್ ಹಾಕಿದೆ. ಫ್ಯೂಜ್ ಹೋತು. ಹೊಸಾದು ಹಾಕಿದೆ, ಅದೂ ಹೋತು. ಮೂರನೇದೂ ಹೋತು. ಇಷ್ಟು ನಾಜೂಕು ಸಾಮಾನು ಗಾಡ್ಯಾಗ ಯಾಕ ಹಾಕ್ತಾರ? ಸಿಗರೇಟ್ ಪಾಕೀಟಿನೊಳಗಿನ ಬೆಳ್ಳಿ ಕಾಗದ ಸುತ್ತಿ ಆ ಜಾಗಕ್ಕ ತುರುಕಿದೆ. ಆಮ್ಯಾಲ ಒಂದ ಸರ್ತೆನೂ ಹೋಗಲಿಲ್ಲ. ಪಕ್ಕಾ ಕೆಲಸ!

ಒಂದ ತಕರಾರು ಉಳೀತು. ಗಾಡಿ ಚಾಲೂ ಆದ್ರ ಸ್ಪೀಕರಿನ್ಯಾಗ ಒಂದು ಸೊಳ್ಳಿ ಗುಂಯ್ ಅಂತಿತ್ತು. ಆಕ್ಸಿಲರೇಟರ್ ಒತ್ತಿದಂಗ ಸೊಳ್ಳಿ ಜೋರಾಗತಿತ್ತು. ಅದಕ್ಕ ನಾ ಉಪಾಯ ಕಂಡುಹಿಡದೆ: ಹಾಡಿನ ದನಿ ಸೊಳ್ಳಿಕಿಂತ ಜೋರು ಇಟ್ರಾತು.

ಐತವಾರ ಮುಂಜಾನೆ ಪುಣೆ ಸ್ಟೇಶನ್ನಿಗೆ ಹೋದೆ. ಮಹಾಂತಪ್ಪ ಬಂದಿದ್ದ, ಜೋಡಿ ಅಂವನ ಅಕ್ಕ ನೀಲವ್ವ. ಆಕಿ ಎತ್ತರದ ಆಳು, ಹಣಿತುಂಬ ವಿಭೂತಿ, ಕೈಯಾಗ ರೊಟ್ಟಿ ಬುತ್ತಿ ಚೀಲ, ಬಾಯಾಗ ಚಾಕು.

"ಬರ್ರಿ ಮಾವಾರ, ಗಾಡಿ ಇಲ್ಲೇ ಐತಿ" ಅಂದೆ.

"ಇನ್ನೂ ಹೋಳಿಗಿ ತಿಂದಿಲ್ಲೋ ತಮ್ಮಾ, ಮಾವ ಅನ್ನಾಕ" ಅಂದ್ಲು ನೀಲವ್ವ.

ಮಹಾಂತಪ್ಪ ಗಾಡಿ ಕಡಿ ಹೊಂಟ. ಭಾಳ ಸುಮ್ಮನಿರೋ ಮನಶಾ. ಮೂವತ್ತು ವರ್ಷ "ಹಲೋ ಮೈಕ್ ಟೆಸ್ಟಿಂಗ್" ಅಂದು ಅಂದು ಮಾತು ಮುಗದಿರಬೇಕು. ಮುಂದ ನನ್ನ ಬಾಜೂ ಕುಂತ. ನೀಲವ್ವ ಹಿಂದ ಕುಂತ್ಲು, ಸರಿಯಾಗಿ ಬುಡಕ ಹಳೇ ಆಂಪ್ಲಿ ಇದ್ದ ಸೀಟಿನ ಮ್ಯಾಲ.

ಸ್ವಿಚ್ ಹಾಕಿದೆ. "ಧಡ್!"

"ಎಪ್ಪಾ ಬಸವಣ್ಣ! ಏನ್ ಒಡೀತೋ?"

"ಸೌಂಡ್ ಸುರು ಆತ್ರಿ ಅವ್ವಾರ" ಅಂದೆ, ಎದಿ ಉಬ್ಬಿಸಿ.

ವಚನ ಸುರು ಆತು. ಮುಂದ ತಬಲಾ, ಹಿಂದ ಹೆಣ್ಮಗಳು, ನಡುವ ಸೊಳ್ಳಿ. ನಾ ಓರೆಗಣ್ಣಿಲೆ ಮಹಾಂತಪ್ಪನ ಮುಖ ನೋಡಿದೆ. ಅಂವ ಅಂಗಿ ಕಿಸೆದಾಗ ಕೈ ಹಾಕಿ, ಎರಡು ಹತ್ತಿ ಉಂಡಿ ತಗದು, ಶಾಂತ ಎರಡೂ ಕಿವ್ಯಾಗ ಇಟ್ಟುಕೊಂಡ.

ಪಾಪ, ತಂಪು ಗಾಳಿ ಆಗಿಬರಂಗಿಲ್ಲೇನೋ ಅನಿಸಿತು. ಅಂವನ ಕಡಿ ಕಿಡಕಿ ಕಾಜು ಏರಿಸಿದೆ. ಗಾಳಿ ಬಂದ್ ಆತು, ಸೌಂಡ್ ಒಳಗ ಉಳೀತು. ಇನ್ನ ಕಿವ್ಯಾಗ ಹತ್ತಿ ಇಟ್ಟ ಮ್ಯಾಲ ಅವರಿಗೆ ಹಾಡು ಸರಿ ಕೇಳಬೇಕಲ್ಲ? ದನಿ ಇನ್ನೊಂದೀಟು ಏರಿಸಿದೆ. ಅಂವ ಹತ್ತಿ ಒಳಗ ಒತ್ತಿಕೊಂಡ. ನಾ ಮತ್ತೀಟು ಏರಿಸಿದೆ. ಹಿರ್ಯಾರ ಸೇವಾ ಮಾಡಬೇಕಂದ್ರ ಹಿಂಗ ತಿಳಕೊಂಡು ಮಾಡಬೇಕು!

ಖಡಕಿ ಬಂತು. ಅಲ್ಲಿ ಮಿಲಿಟರಿ ಟ್ರಕ್ಕಿನ ಸಾಲು ರಸ್ತಾ ದಾಟಾಕತ್ತಿತ್ತು. ಪೊಲೀಸ್ ಕೈ ಅಡ್ಡ ಮಾಡಿ ನಿಂತಿದ್ದ. ಹತ್ತು ಟ್ರಕ್ ಹೋದ್ರೂ ಸಾಲು ಮುಗೀಲಿಲ್ಲ. ನಾ ನಿಂತಲ್ಲೆ ಇಂಜಿನ್ ಬಂದ್ ಮಾಡಾಂವ. ಪೆಟ್ರೋಲ್ ಸುಮ್ನ ಸುಡಬಾರದು. ಇಂಜಿನ್ ಬಂದ್ ಮಾಡಿದೆ. ಹಾಡು ಬಂದ್ ಮಾಡಲಿಲ್ಲ. ಹಾಡಿಗೆ ಪೆಟ್ರೋಲ್ ಬೇಕೇನು?

ಸ್ವಲ್ಪ ಹೊತ್ತಿಗೆ ಹಾಡೋ ಹೆಣ್ಮಗಳಿಗೆ ದಣಿವಾತು. ಮೊದಲ ದನಿ ಎಳ್ಯಾಕ ಹತ್ತಿದ್ಲು. ಆಮ್ಯಾಲ ಗಂಡಸಾದ್ಲು. ಆಮ್ಯಾಲ ಎಮ್ಮಿ ಆದ್ಲು. ನೀಲವ್ವ ಅಂದ್ಲು:

"ತಮ್ಮಾ, ಇದ್ಯಾವ ವಚನೋ?"

"ವಿಲಂಬಿತ ಐತ್ರಿ ಅವ್ವಾರ."

"ಮತ್ತ ಏನೋ ಸುಟ್ಟ ವಾಸ್ನಿ ಬರಾಕತ್ತೈತಿ?"

"ಇಲ್ಲಿ ಆಸುಪಾಸಿನ್ಯಾಗ ಫ್ಯಾಕ್ಟರಿ ಭಾಳ ಅದಾವ್ರಿ."

"ಫ್ಯಾಕ್ಟರಿ ನನ್ನ ಸೀಟಿನ ಬುಡಕ ಐತೇನೋ? ಸೀರಿ ಬಿಸಿ ಆಗಾಕತ್ತೈತಿ!"

ಮಹಾಂತಪ್ಪ ಒಂದು ಕಿವ್ಯಾಗಿನ ಹತ್ತಿ ತಗದ. ಮೂಗು ಏರಿಸಿದ. ಸ್ಟೇಶನ್ನಿನಿಂದ ಅಲ್ಲಿತನಕಾ ಅಂವ ಆಡಿದ ಮೊದಲನೇ ಮಾತು:

"ವೈರು."

ಇಳದ. ಹಿಂದಿನ ಬಾಗಿಲಾ ತಗದ. ಅಕ್ಕನ್ನ ಎಬ್ಬಿಸಿದ. ಸೀಟು ಎತ್ತಿದ. ಹೊಗಿ ಬಂತು. ಟಾವೆಲ್ ಕೈಗೆ ಸುತ್ತಿಕೊಂಡು ಒಂದ ಎಳತಕ್ಕ ಕೆಂಪು ಹಸರು ವೈರು ಕಿತ್ತಿ ತಗದ. ಎಮ್ಮಿ ಸುಮ್ನಾತು. ಅಷ್ಟೊತ್ತಿಗೆ ಕೊನೀ ಟ್ರಕ್ ದಾಟಿ ಹೋತು, ಪೊಲೀಸ್ ಸೀಟಿ ಊದಿದ.

ಕೀಲಿ ತಿರುವಿದೆ. "ಟಿಕ್."

ಮತ್ತ ತಿರುವಿದೆ. "ಟಿಕ್."

ಹಿಂದ ಬಸ್ಸು, ಟೆಂಪೋ ಎಲ್ಲಾ ಹಾರ್ನ್ ಹೊಡ್ಯಾಕ ಹತ್ತಿದ್ವು. ಪೊಲೀಸ್ ಕಿಡಕ್ಯಾಗ ತಲಿ ಹಾಕಿದ. "ಗಾಣೀ ಐಕಾಯಲಾ ಬ್ಯಾಟರೀ ಹೋತೀ, ಆತಾ ಢಕಲಾ!" ಹಾಡು ಕೇಳಾಕ ಬ್ಯಾಟರಿ ಇತ್ತಲ್ಲ, ಈಗ ದಬ್ರಿ ಅಂತ! ನನಗ ಅಸಾಧ್ಯ ಸಿಟ್ಟು ಬಂತು. ಆದ್ರ ಯೂನಿಫಾರ್ಮ್ ಮುಂದ ಸಿಟ್ಟು ಮಾಡಿ ಏನ್ ಪ್ರಯೋಜನ?

ದಬ್ಬಾಂವ ಯಾರು? ನಾ ದಬ್ಬಿದ್ರ ಸ್ಟೀರಿಂಗ್ ಹಿಡ್ಯಾಂವಿಲ್ಲ. ಮಹಾಂತಪ್ಪ ಧೋತರ ಎತ್ತಿ ಕಟ್ಟಿದ. ಅಕ್ಕನ್ನ ಒಳಗ ಕುಂದರಸಿದ. ಹಿಂದ ಹೋಗಿ ನಿಂತ.

ನಾ "ಬ್ಯಾಡ್ರಿ, ಬ್ಯಾಡ್ರಿ" ಅಂದೆ. ಇದು ಯಾರೂ ಹೇಳಂಗಿಲ್ಲ. ಎರಡು ಸರ್ತೆ ಅಂದೆ!

ದಬ್ಬಿದ. ಗಾಡಿ ಓಡಿತು, ಎರಡನೇ ಗೇರಿನ್ಯಾಗ ಹಾಕಿ ಕ್ಲಚ್ ಬಿಟ್ಟೆ. ಘರ್ರ್ ಅಂತ ಚಾಲೂ ಆತು! ನನಗ ಎಷ್ಟು ಖುಷಿ ಆತಂದ್ರ, ಆ ಖುಷಿಯೊಳಗ ಆಕ್ಸಿಲರೇಟರ್ ಒತ್ತಿ ಹಂಗ ಹೊಂಟೆ. ನಿಂತ್ರ ಮತ್ತ ಬಂದ್ ಬೀಳತೈತಿ, ಹಿಂದ ಬಸ್ಸಿನಾಂವ ಮೈಮ್ಯಾಲ ಬರಾಕತ್ತಾನ. ದಾಪೋಡಿ ಸೇತುವಿ ಮ್ಯಾಲ ಹತ್ತಿದ ಮ್ಯಾಲ ಬೆನ್ನಿಗೆ ರೊಟ್ಟಿ ಬುತ್ತಿ ಬಡೀತು.

"ಭಾಡ್ಯಾ! ನನ್ನ ತಮ್ಮನ್ನ ಬಿಟ್ಟು ಎಲ್ಲಿ ಹೊಂಟಿಯೋ?"

ಬಾಜೂ ಸೀಟು ನೋಡಿದೆ. ಖಾಲಿ. ಹತ್ತಿ ಉಂಡಿ ಒಂದು ಬಿದ್ದಿತ್ತು.

ಸೇತುವಿ ಮ್ಯಾಲ ಹೊಳ್ಳಾಕ ಬರಂಗಿಲ್ಲ. ಮುಂದ ರಸ್ತಾ ನಡುವ ಕಟ್ಟಿ. ಎಲ್ಲೋ ಹೋಗಿ ಹೊಳ್ಳಿಸಿಕೊಂಡು ಖಡಕಿಗೆ ಬಂದೆ, ದಾರಿಪೂರ್ತಿ ಬುತ್ತಿ ಬಡೀತಾನ ಇತ್ತು. ಅಲ್ಲಿ ಮಹಾಂತಪ್ಪ ಇಲ್ಲ! ಪೊಲೀಸ್ ನಗಾಕತ್ತಿದ್ದ. ಧೋತರದ ಹಿರ್ಯಾ ಸಿಕ್ಸ್ ಸೀಟರ್ ರಿಕ್ಷಾ ಹತ್ತಿ ಹೋದ ಅಂದ.

"ಎಲ್ಲಿಗೆ?"

ಅದನ್ನ ಅಂವ ಕೇಳಿರಲಿಲ್ಲ. ಸ್ಟೇಶನ್ನಿಗೋ, ಚಿಂಚವಾಡಕ್ಕೋ? ಸ್ಟೇಶನ್ನಿಗೆ ಹೋಗಿದ್ರ ಚಾನೂ ಇಲ್ಲ, ಹೋಳಿಗಿನೂ ಇಲ್ಲ. ನನ್ನ ಲಗ್ನ ಯಾವ ದಿಕ್ಕಿಗೆ ಹೋತು ಅಂತ ಪೊಲೀಸಿಗೂ ಗೊತ್ತಿಲ್ಲ!

ಇಂಜಿನ್ ಬಂದ್ ಮಾಡದ ಮನಿಗೆ ಹೊಡದೆ. ನಮ್ಮ ಅಂಗಳದಾಗ ಹೊರಸಿನ ಮ್ಯಾಲ ಮಹಾಂತಪ್ಪ ಕುಂತಿದ್ದ. ಜೀವಾ ಬಂತು. ಅಂವನ ಎಡಕ್ಕ ಕಾಕಾ, ಬಲಕ್ಕ ಬಂಡು. ಇಬ್ಬರೂ ಅಂವನ ತೀರ್ಪಿನ ದಾರಿ ಕಾಯಾಕತ್ತಿದ್ರು. ನಾ ಬಂದ್ರ ಯಾರೂ ನನ್ನ ಕಡಿ ನೋಡಲಿಲ್ಲ. ಬಂಡು ಸೀದಾ ಗಾಡಿಗೆ ನುಗ್ಗಿ ತನ್ನದನ್ನ ಹೊರಗ ಇಟ್ಟ, ಕಾಕಾ ತನ್ನದನ್ನ ಹೊರಗ ಇಟ್ಟ. ಎರಡೂ ಆಂಪ್ಲಿ ಮಹಾಂತಪ್ಪನ ಮುಂದ.

"ನೀವ ಹೇಳ್ರಿ ಸಾವಕಾರ್ರ, ನೀವು ಸೌಂಡ್ ತಿಳದವರು. ಹಳೇದು ಚಲೋ ಅಲ್ಲ?" ಅಂದ ಕಾಕಾ.

"ಮಾಮಾ, ನೀವು ಲೈಟ್ ನೋಡ್ರಿ ಒಂದಸಲ" ಅಂದ ಬಂಡು.

ನನ್ನ ಲಗ್ನ ಸಾಯಾಕತ್ತೈತಿ, ಇವರಿಗೆ ಆಂಪ್ಲಿ ಚಿಂತಿ!

ಮಹಾಂತಪ್ಪ ಹಳೇದನ್ನ ಎತ್ತಿ ಬುಡ ನೋಡಿದ. "ಅಸಲ ಮಾಲು. ಒಳಗ ಒಂದು ಸಾಲ್ಡರ್ ಬಿಟ್ಟೈತಿ, ಹಾಕಿಸಿದ್ರ ಗುದ್ದೂದು ಬ್ಯಾಡ." ಕಾಕಾ ಮೀಸಿ ತಿರುವಿದ.

ಹೊಸಾದನ್ನ ಎತ್ತಿದ. "ಸಾವಿರ ವ್ಯಾಟ್ ಅಲ್ಲ ಇದು, ಬರೇ ಬರದಿದ್ದು. ಐವತ್ತು ಬಂದ್ರ ಭಾಳಾತು. ಆದ್ರ ಆ ಐವತ್ತು ಖರೇ ಕೊಡತೈತಿ. ಇದೂ ಚಲೋ." ಬಂಡು ಕಾಲರ್ ಎತ್ತಿದ.

ಆಮ್ಯಾಲ ಕಿಸೆದಾಗಿಂದ ಒಂದು ತುಣುಕು ತಗದ. ಸುಟ್ಟು ಕರ್ರಗಾದ ಕೆಂಪು ಹಸರು ವೈರು. ಅದರ ತುದೀಗೆ ಸಿಗರೇಟಿನ ಬೆಳ್ಳಿ ಕಾಗದ.

"ಇದನ್ನ ಹಚ್ಚಿದಾಂವ ಯಾರು?"

ಒಂದು ವಾರದಿಂದ ಒಬ್ಬರ ಮುಖ ಒಬ್ಬರು ನೋಡದ ಕಾಕಾ ಮತ್ತ ಬಂಡು, ಇಬ್ಬರೂ ಕೂಡಿ ಒಂದ ದನಿಲೆ ಬೆರಳು ಮಾಡಿದ್ರು:

"ಇಂವ!"

ಅವ್ವ ಹೆದರಿಕೋತ ಚಾದ ತಾಟು ತಂದ್ಲು. ನಾ ಆ ಚಾ ನೋಡಿದೆ. ಒಳಗಿಂದ ಹೋಳಿಗಿ ವಾಸ್ನಿ ಬರಾಕತ್ತಿತ್ತು. ಮೂರು ದಿನ ನಾನ ತಿನ್ನಬೇಕು ಅಂತ ಗೊತ್ತಾಗಿ ಹೋತು.

ಮಹಾಂತಪ್ಪ ಕೈ ಅಡ್ಡ ಮಾಡಿದ. "ಚಾ ಬ್ಯಾಡ್ರಿ."

ಚಾನೂ ಬ್ಯಾಡ! ಇಷ್ಟು ಅವಮಾನ ಮೊದಲಿನ ಇಬ್ಬರೂ ಮಾಡಿರಲಿಲ್ಲ. ಅವ್ವನ ಕಣ್ಣು ತುಂಬಿದ್ವು.

"ಗಾಡಿ ದಬ್ಬಿ ಹೊಟ್ಟಿ ಹಸದೈತ್ರಿ. ಹೋಳಿಗಿ ಆಗಿದ್ರ ತಾಟು ಹಾಕ್ರಿ."

ಒಂದು ಗಳಿಗಿ ಯಾರಿಗೂ ತಿಳೀಲಿಲ್ಲ. ಮೊದಲ ತಿಳದದ್ದು ನೀಲವ್ವಗ.

"ಏ ಮಹಾಂತಾ! ಬುದ್ಧಿಗಿದ್ಧಿ ಐತೇನು? ಇಂವಗಾ? ನಿನ್ನ ರಸ್ತ್ಯಾಗ ಬಿಟ್ಟು ಹೋದಾಂವಗ?"

"ಅಕ್ಕಾ, ಗಿರಿಜಾ ಏನಂದಿದ್ಲು ನೆನಪೈತಿಲ್ಲೋ? 'ಅಪ್ಪಾ, ಬಡವನ ಇರಲಿ, ಕಲೀದಾಂವ ಇರಲಿ, ಸೌಂಡ್ ತಿಳದಾಂವ ಮಾತ್ರ ಬ್ಯಾಡ. ಹುಟ್ಟಿದಾಗಿಂದ ಕಿವ್ಯಾಗ ಭೋಂಗಾ ಐತಿ, ಇನ್ನರ ಸುಮ್ನ ಇರೋ ಮನಿಗೆ ಕೊಡು' ಅಂತ. ಇಂವ ಹೆಣ್ಣು ನೋಡಾಕ ಬಂದು ಹಾಡಿನ ಮಾತು ಕೇಳಿ ಹೋದ ಮ್ಯಾಲ ಆಕಿ ಮೂರು ದಿನ ಅತ್ತಾಳ. ನನಗೂ ಅದ ಚಿಂತಿ ಇತ್ತು. ಸ್ಟೇಶನ್ನಿನ್ಯಾಗ ಸ್ವಿಚ್ ಹಾಕಿದಾಗಂತೂ ಇದು ಆಗಂಗಿಲ್ಲ ಅಂದ್ಕೊಂಡೆ." ವೈರಿನ ತುಣುಕು ಎತ್ತಿ ತೋರಿಸಿದ. "ಆಮ್ಯಾಲ ಇದನ್ನ ನೋಡಿದೆ. ಮನಸ್ಸು ಹಗುರಾತು. ಇಂವಗ ಸೌಂಡಿನ ಗಂಧಗಾಳಿನೂ ಇಲ್ಲ. ಮಗಳು ಆರಾಮ ಇರ್ತಾಳ."

ನಾ ಬಾಯಿ ತಗದೆ. ಎಂಟು ವರ್ಷ ಗಾಡಿ ಓಡಿಸೀನಿ, ಹಾಡು ಕೇಳೀನಿ, ಸೌಂಡಿನ ಬಗ್ಗೆ ನನಗ ಗೊತ್ತಿಲ್ಲದ್ದು... ಅವ್ವ ನನ್ನ ತೊಡಿಗೆ ಚಿವುಟಿದ್ಲು. ಬಾಯಿ ಮುಚ್ಚಿದೆ.

ಅಂವ ಆರು ಹೋಳಿಗಿ ತಿಂದ. ನೀಲವ್ವ ಬೈಕೋತ ಏಳು ತಿಂದ್ಲು.

ಲಗ್ನ ಆತು. ಮೈಕ್‌ಸೆಟ್ ಇರಲಿಲ್ಲ, ಅದು ಗಿರಿಜಾನ ಕರಾರು. ಹೊಸಾ ಆಂಪ್ಲಿ ಬಂಡು ತಿರುಗಿ ಒಯ್ದ. ಪತ್ರಾದಾಗಿನ ತೂತು ಮಾತ್ರ ನನಗ ಬಿಟ್ಟು ಹೋದ. ಹಳೇದು ಅಡಗಿ ಮನ್ಯಾಗ ಉಪ್ಪಿನಕಾಯಿ ಭರಣಿ ಮ್ಯಾಲ ವಜ್ಜಿಗೆ ಕುಂತೈತಿ. ಕಾಕಾ ಬಂದವರಿಗೆಲ್ಲಾ ತೋರಿಸಿ, "ನೋಡ್ರಿ, ಹೊಸಾದು ಇಟ್ಟಿದ್ರ ಮುಚ್ಚಳ ಹಾರಿಹೋಗತಿತ್ತು" ಅಂತಾನ.

ಮಂದಿ ಇನ್ನೂ ನಗ್ತಾರ. ನಗಲಿ. ಸಾಲ್ಯಾಗ ಎಷ್ಟು ಪರೀಕ್ಷಾ ಬರದೆ, ಎಲ್ಲಾದ್ರಾಗೂ ಫೇಲಾದೆ. ಜೀವನದಾಗ ನಾ ಪಾಸಾದ ಪರೀಕ್ಷಾ ಇದೊಂದ. ಅದೂ ಏನೂ ಗೊತ್ತಿಲ್ಲ ಅನ್ನೂದಕ್ಕ!